ಸ್ಕ್ರೂಡ್ರೈವರ್ ಕಿವಿಗಿಟ್ಟು

ಜೂನ್ ಒಂದಕ್ಕೆ ಬೈತಖೋಲದಲ್ಲಿ ಬೋಟುಗಳೆಲ್ಲ
ಹೊಟ್ಟೆಗೆ ಹೊಟ್ಟೆ ಹಚ್ಚಿ ನಿಂತವು.
ಅರವತ್ತೊಂದು ದಿನ ಬಲೆ ಇಳಿಸುವಂತಿಲ್ಲ.
ಮೀನಿಗೆ ಬಸಿರ ಕಾಲ,
ನನಗೆ ಕೈ ಖಾಲಿ.
ಮೂವತ್ತು ವರ್ಷ ಡೀಸೆಲ್ ಇಂಜಿನ್ನಿನ ಬಾಯೊಳಗಿದ್ದ ಕೈ
ಮನೆಯ ಮಿಕ್ಸರ್ ಬಿಚ್ಚಿತು, ಫ್ಯಾನು ಬಿಚ್ಚಿತು.
ಶೇವಂತಿ ಅಂದಳು: ಗೋಡೆ ಗಡಿಯಾರ ಒಂದನ್ನ ಬಿಡಿ,
ಊಟದ ಹೊತ್ತಾದರೂ ತಿಳಿಯಲಿ.

ಆಗ ಬಂತು ಇದು.
ಕೈಗಾದಿಂದ ವರ್ಗವಾಗಿ ಹೋಗುವ ಇಂಜಿನಿಯರು
ಸಾಮಾನಿನ ಲಾರಿಯಲ್ಲಿ ಜಾಗ ಸಾಲದೆ ಮಾರಿದ್ದು:
ಗುಡ್ಡ ಹತ್ತುವ ಕರೆಂಟಿನ ಸೈಕಲ್ಲು.
ದಪ್ಪ ಟೈರು, ಮುಂದೆ ಕುಪ್ಪಳಿಸುವ ಫೋರ್ಕು,
ಹಿಂದಿನ ಗಾಲಿಯ ನಡುವೆ
ಸುಲಿದ ತೆಂಗಿನಕಾಯಿಯಷ್ಟು ಮೋಟಾರು.
ಡಿಸ್‌ಪ್ಲೇ ಹಚ್ಚಿ ನೋಡಿದೆ, ಓಡಿದ್ದು ನಲವತ್ತೊಂದು ಕಿಲೋಮೀಟರು.
ಮೂರು ವರ್ಷಕ್ಕೆ!
ಗುಡ್ಡವನ್ನು ಕಂಡೇ ಇರಲಿಲ್ಲ ಪಾಪ.

ಬಿಣಗಾ ಏರಿನಲ್ಲಿ ಅರ್ಧಕ್ಕೇ ಉಸಿರು ಬಿಟ್ಟಿತು.
ಮೂವತ್ತಾರು ವೋಲ್ಟಿನ ಜೀವ.
ಹುಬ್ಬಳ್ಳಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಐವತ್ತೆರಡು ಸೆಲ್ ಬಂದವು,
ಹಸಿರು ಅಂಗಿ ತೊಟ್ಟ ಶಾಲೆ ಮಕ್ಕಳು.
ಮೇಜಿನ ಮೇಲೆ ನಿಲ್ಲಿಸಿದೆ:
ಹದಿಮೂರು ಸಾಲು, ಸಾಲಿಗೆ ನಾಲ್ಕು.
ನಿಕ್ಕಲ್ ಪಟ್ಟಿ ಇಟ್ಟು ಚಿಟ್ ಚಿಟ್ ಬೆಸೆಯುವಾಗ
ಶೇವಂತಿ ಬಾಗಿಲಲ್ಲಿ ಮರಳಿನ ಬಕೆಟು ಹಿಡಿದು ನಿಂತಳು.
ಮಾತಿಲ್ಲ. ಬಕೆಟು ಮಾತ್ರ.

ವೋಲ್ಟು ಹೆಚ್ಚಿದರೆ ಗಾಲಿಯ ಅಚ್ಚೇ ತಿರುಗಿ
ಚೌಕಟ್ಟಿನ ಕಿವಿ ಹರಿಯುತ್ತದೆ.
ಇನಾಸ, ಮುರಿದ ಟ್ರಾಲ್ ಬೋರ್ಡಿನ ಉಕ್ಕಿನಿಂದ
ಗೇಣುದ್ದದ ತೋಳು ಕೊಯ್ದು ಕೊಟ್ಟ, ಅರ ಹಾಕಿ ಹಾಕಿ.
"ಹತ್ತು ವರ್ಷ ಸಮುದ್ರದ ತಳ ಉತ್ತ ಕಬ್ಬಿಣ ಮಾರಾಯ,
ನಿನ್ನ ಸೈಕಲ್ಲಿಗೆ ಹೆದರ್ತದೆಯಾ?"
ದುಡ್ಡು ಕೇಳಲಿಲ್ಲ. ಆಗಸ್ಟಿನ ಮೊದಲ ಬಂಗಡೆ ಕೇಳಿದ.

ಉಪ್ಪೇ ನಮ್ಮೂರಿನ ಹಿರಿಯ ಮೆಕ್ಯಾನಿಕ್ಕು.
ಎಲ್ಲ ಬಿಚ್ಚುತ್ತದೆ, ಒಂದನ್ನೂ ಜೋಡಿಸುವುದಿಲ್ಲ.
ಅದಕ್ಕೇ ಕನೆಕ್ಟರ್ ಕನೆಕ್ಟರಿಗೂ
ಪ್ರೊಪೆಲ್ಲರ್ ಶಾಫ್ಟಿನ ಗ್ರೀಸು ತುಂಬಿದೆ.
ಬ್ರೇಕಿಗೆ ದೊಡ್ಡ ಡಿಸ್ಕು, ಹತ್ತಿಸಿದವನಿಗೆ
ಇಳಿಸುವುದೂ ಗೊತ್ತಿರಬೇಕು.
ಹೊಸ ಕಂಟ್ರೋಲರ್, ಹೊಸ ಡಿಸ್‌ಪ್ಲೇ.
ಆ ನಲವತ್ತೊಂದು ಕಿಲೋಮೀಟರು
ಈಗ ನಟ್ಟುಬೋಲ್ಟಿನ ಡಬ್ಬದಲ್ಲಿದೆ.

ಸ್ವಿಚ್ ಹಾಕಿದೆ.
ಗಾಲಿ ತಿರುಗಿತು.
ಸದ್ದಿಲ್ಲ.

ಇಲ್ಲಿ ನನ್ನ ತಲೆ ಕೆಟ್ಟಿತು.
ಜೆಟ್ಟಿಯ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತು,
ಇದು ಜಲದುರ್ಗೆಯ ನಾಝಲ್ಲು,
ಅದು ಪಾಂಡುರಂಗ ತಾಂಡೇಲನ ಬೋಟಿನ ಬೇರಿಂಗು
ಎಂದು ಹೇಳಿದವ ನಾನು.
ಎಡಗಿವಿಯನ್ನು ಅದಕ್ಕೇ ಸುಂಕ ಕಟ್ಟಿದ್ದೇನೆ.
ಬೈಯದ, ಕೆಮ್ಮದ, ಹೊಗೆ ಬಿಡದ ಯಂತ್ರವನ್ನು
ನಂಬುವುದು ಹೇಗೆ?

ಹಳೆಯ ಉದ್ದ ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ,
ಹಿಡಿಕೆ ಬಲಗಿವಿಯ ಹಿಂದಿನ ಎಲುಬಿಗೆ.
ಕಣ್ಣು ಮುಚ್ಚಿದೆ.
ಇತ್ತು.
ಒಳಗೆ ಪುಟ್ಟ ಹಲ್ಲುಚಕ್ರಗಳು ಮುಟ್ಟಿ ಬಿಟ್ಟು ಮುಟ್ಟುವ ಸದ್ದು,
ಅಕ್ಕಿಯಲ್ಲಿ ಕಲ್ಲು ಆರಿಸುವ ಬೆರಳಿನ ಹಾಗೆ.
ಶೇವಂತಿಗೂ ಕೊಟ್ಟೆ. ಬಹಳ ಹೊತ್ತು ಕೇಳಿದಳು.
"ಇಷ್ಟು ಮೆತ್ತಗೆ ಮಾತಾಡೂದು
ನಿಮಗೆ ಯಾವಾಗ ಬರ್ತದೆ?"

ಜುಲೈ ಕೊನೆಯ ರಾತ್ರಿ, ಮಳೆ ಬಿಟ್ಟ ಗಳಿಗೆ ನೋಡಿ
ಗುಡ್ಡೆಹಳ್ಳಿಯ ದಾರಿ ಹಿಡಿದೆ.
ನಾನು ತುಳಿದೆ, ಅದೂ ತುಳಿಯಿತು;
ನಾನು ನಿಂತರೆ ಅದೂ ನಿಂತು ಕಾದಿತು.
ಜಾರುಮಣ್ಣಿನ ತಿರುವಿನಲ್ಲಿ ಇನಾಸನ ಉಕ್ಕು
ಒಮ್ಮೆ ಕಿರುಗುಟ್ಟಿ, ಹಿಡಿದುಕೊಂಡಿತು.

ಮೇಲೆ ಸ್ವಿಚ್ ಆರಿಸಿದೆ.
ಕೆಳಗೆ ಬಂದರು. ಬೆಳಗಾದರೆ
ನೂರು ಇಂಜಿನ್ನು ಒಟ್ಟಿಗೆ ಕೆಮ್ಮುತ್ತವೆ,
ನನ್ನ ಹೆಸರು ಹಿಡಿದೇ ಕೂಗುತ್ತವೆ.
ಈಗ ಕೇಳುವುದು ಒಂದೇ ಇಂಜಿನ್ನು, ತೀರ ಹತ್ತಿರ,
ಧಡ್, ಧಡ್, ಒಂದು ಬಿಟ್ಟು ಮತ್ತೆ ಧಡ್.
ಸ್ಕ್ರೂಡ್ರೈವರ್ ಮನೆಯಲ್ಲೇ ಉಳಿದಿತ್ತು.
ಅಂಗೈ ಇಟ್ಟು ನೋಡಿದೆ:
ಐವತ್ತು ದಾಟಿದ ಮಾಡೆಲ್ಲು,
ಟ್ಯಾಪೆಟ್ ತುಸು ಸಡಿಲ.
ಓಡುತ್ತದೆ.