ನಾಕು ಇಂಚು

ಗಾಡಿ ಮಾಡಿಸಾಕ ಬಂದವರಿಗೆ ನಾ ಮೊದಲು ಹೆಸರು ಕೇಳೂದಿಲ್ಲ.
ಏನ್ ಮಾರ್ತೀರಿ ಅಂತೀನಿ.
ತಗಡಿನಾಗ ಎಂಥಾ ತೂತು ಕೊರೀಬೇಕು
ಅನ್ನೂದು ಅದರ ಮ್ಯಾಲೆ.

ದ್ವಾಸಿಗೆ ತೂತು ಬ್ಯಾಡ, ಹಂಚು ಕೂಡ್ರಾಕ ಚೌಕಟ್ಟು ಸಾಕು.
ಮೋಮೊಕ್ಕ ಒಂದ, ದುಂಡಗ, ಆಳಕ್ಕ.
ರಸ್ ಆಮ್ಲೆಟ್ಟಿಗೆ ಎರಡು,
ಒಂದು ಕುದಿಯೂದಕ್ಕ, ಒಂದು ಸಿಡಿಯೂದಕ್ಕ.

ವಾಸ್ಕೋದಾಗ ಈಗ ಸಂಜಿ ಆತಂದ್ರ
ಬಾಯ್ನಾ ದಾರಿ ತುಂಬ ನನ್ನ ವೆಲ್ಡಿಂಗು ನಿಂತಿರ್ತದ.
ಎರಡು ವರ್ಷದ ಹಿಂದ ಮೂರ ಗಾಡಿ ಇದ್ದವು.
ಈಗ ಎಣಸಾಕ ಹೋಗೂದಿಲ್ಲ, ದೃಷ್ಟಿ ಆದೀತು.

ಕಾಯ್ತಾನ್ ಇಪ್ಪತ್ತೆಂಟು ವರ್ಷ ಹಡಗಿನಾಗ ಅಡಗಿ ಮಾಡಿದಾವ.
ಗಾಲಿಗೆ ಬ್ರೇಕು ಬೇಕ ಬೇಕು ಅಂದ.
"ನಿಂತ ನೆಲ ಅಳ್ಳಾಡಬಾರದು ಮೇಸ್ತ್ರಿ,
ಅಳ್ಳಾಡಿದ್ದು ಸಾಕಾಗ್ಯದ."

ಕಾಲೇಜು ಹುಡುಗರಿಬ್ಬರು ಮೊಬೈಲಿನಾಗ ಚಿತ್ರ ಹಿಡಕೊಂಡು ಬಂದ್ರು.
ಗಾಡಿ ಕಪ್ಪು ಇರಬೇಕಂತ, ಹಳದಿ ಬಲ್ಬು ಹನ್ನೆರಡಂತ,
ಕಡ್ಡಿಗೆ ಚುಚ್ಚಿದ ವಾಫಲ್ ಮಾರ್ತಾರಂತ.
ಕಪ್ಪು ಚಲೋನ, ಬಂದರದ ಕಲ್ಲಿದ್ದಲ ಧೂಳು ಕಾಣೂದಿಲ್ಲ ಅಂದೆ.
ನಗಲಿಲ್ಲ.
ಚೌತಿಗೆ ಚಾಲೂ ಮಾಡಿ, ನಾತಾಳಕ್ಕ
ತಂದು ನನ್ನ ಶೆಡ್ಡಿನ ಮುಂದ ಬಿಟ್ಟು ಹ್ವಾದ್ರು,
ಬಲ್ಬು ಮಾತ್ರ ಬಿಚ್ಚಿಕೊಂಡು.

ಅದನ್ನ ನೋಡಾಕ ಬಂದಾಕಿ ಹುಲಿಗೆವ್ವ,
ಕುಷ್ಟಗಿ ಕಡೆಯಾಕಿ.
ಹತ್ತೊಂಬತ್ತು ವರ್ಷ ಇಟ್ಟಂಗಿ ಹೊತ್ತ ನೆತ್ತಿ,
ಊರ ಮಂದಿಯ ಮನಿಗಳೆಲ್ಲ ಆ ನೆತ್ತಿ ಮ್ಯಾಲಿಂದ ಹತ್ತಿ ಹೋಗ್ಯಾವ.
"ಮಿರ್ಚಿ, ಗಿರ್ಮಿಟ್ಟು. ಬ್ಯಾರೆ ಏನೂ ಇಲ್ಲ."
ರೊಕ್ಕ ಸೆರಗಿನ ಗಂಟಿನಾಗ. ಕಂತು ಮೂರು.

ಎರಡನೇ ಕಂತಿಗೆ ಹೋದಾಗ ನೋಡತೀನಿ:
ಎರಡು ಇಟ್ಟಂಗಿ ಮ್ಯಾಲೆ ನಿಂತು ಕರೀಲಿಕ್ಕತ್ಯಾಳ,
ಮೊಣಕೈಯಿಂದ ಮಣಿಕಟ್ಟಿನ ತನಕ ಸುಟ್ಟ ಗೀರು.
ಒಂದು ಹೊಳ್ಳಿತ್ತು ನೋಡ್ರಿ, ಅಂದ್ಲು.
ಬಾಣಲಿ ಹಿಡಕೊಂಡಿದ್ದೆ, ಅಂದ್ಲು.
ಮಿರ್ಚಿ ತಿರುವಿ ಹಾಕಿದ್ಲು.

ನಾ ಮಾಡಿದ ಗಾಡಿ ಎಲ್ಲಾ ಮೂವತ್ತಾರು ಇಂಚು.
ಮೂವತ್ತಾರು ಅಂತ ಯಾರು ಹೇಳಿದ್ರು?
ನನ್ನ ಉಸ್ತಾದ. ಅವಗ ಅವನ ಉಸ್ತಾದ.
ಎಲ್ಲಾರೂ ಗಂಡಸರು, ಉದ್ದನ್ನವರು,
ಜನ್ಮದಾಗ ಒಂದು ಬಜ್ಜಿ ಕರಿದವರಲ್ಲ.

ಮರುದಿನ ಗಾಡಿ ಮಕಾಡೆ ಹಾಕಿ
ನಾಕೂ ಕಾಲು ನಾಕು ನಾಕು ಇಂಚು ಕೊಯ್ದೆ.
ಕಿಡಿ ಹಾರುವಾಗ ಆಕಿ ದೂರ ಸರೀಲಿಲ್ಲ.
"ಕಡಿಮಿ ಮಾಡಿದ್ದಕ್ಕೂ ರೊಕ್ಕ ಕೊಡಬೇಕೇನ್ರಿ?"
ಬ್ಯಾಡವ್ವ ಅಂದೆ.
"ಹಂಗಾರ ತುಂಡು ಕೊಡ್ರಿ. ಅವೂ ನಂವ."

ಮುನಸಿಪಾಲ್ಟಿ ಲಾರಿ ಬಂದ ಸಂಜಿ
ಕಾಯ್ತಾನ್ ಬ್ರೇಕು ಬಿಡಸೂದರಾಗ ಅವನ ಗಾಡಿ ಲಾರಿ ಹತ್ತಿತ್ತು,
ರಸ ಇನ್ನೂ ಕುದಿಯೂದು ಬಿಟ್ಟಿರಲಿಲ್ಲ.
ಹುಲಿಗೆವ್ವನ್ದು, ಗಿಡ್ಡಂದು,
ಪಾದಚಾರಿ ಸೇತುವೆಯ ಮೆಟ್ಟಲ ಕೆಳಗ ಹೊಕ್ಕಿತ್ತು.
ಒಂಬತ್ತು ದಿನಕ್ಕ ದಂಡ ಕಟ್ಟಿ ಬಿಡಿಸಿಕೊಂಡು ತಂದ ಆಂವ,
ಒಲಿ ಇರಲಿಲ್ಲ, ಒಂದು ಗಾಲಿ ಸೊಟ್ಟ.
ಬ್ರೇಕು ಕಿತ್ತು ಹಾಕು, ಅಂದ.
ಕಿತ್ತೆ. ಮಾತಾಡಲಿಲ್ಲ ಇಬ್ಬರೂ.

ಈಗ ಕೆಲವರು ಬರ್ತಾರ, ಹೆಂಗಸರು,
ಒಬ್ಬಾಕಿ ಮೀನ ಕಟ್ಲೆಟ್ಟಿನಾಕಿ, ಒಬ್ಬಾಕಿ ಬರೇ ಚಾ.
ತೂತಿನ ಮಾತು ಆಮ್ಯಾಲೆ.
ಮೊದಲು, ಹುಲಿಗೆವ್ವನ ಅಳತಿ ಹಾಕ್ರಿ, ಅಂತಾರ.
ಗಿರಾಕಿ ಸ್ವಲ್ಪ ಬಗ್ಗತಾರ. ಬಗ್ಗಲಿ.

ನಿನ್ನೆ ಕಡೇ ಕಂತಿಗೆ ಹೋಗಿದ್ದೆ. ಸಮುದ್ರದ ಗಾಳಿ
ಗಿರ್ಮಿಟ್ಟಿನ ಕಾಗದ ಎಳೀಲಿಕ್ಕ ನೋಡತಿತ್ತು.
ಕಟ್ಟಿನ ಮ್ಯಾಲೆ ನಾಕು ಕಬ್ಬಿಣದ ತುಂಡು,
ಎಣ್ಣಿ ಕುಡಿದು ಮಿಂಚತಿದ್ದವು.
ಒಂದು ಎತ್ತಿ, ಒಂದು ಕಾಗದ ಹಿರಿದು,
ಮತ್ತ ಇಟ್ಟು, ಕೇಳಿದ್ಲು:
ಖಾರ ಹಾಕಲೇನ್ರಿ?