ಹಸಿ ಗಾರೆಯ ವಿಭಕ್ತಿ

ಪಾಲಹಳ್ಳಿ ಇಸ್ಕೂಲಿನ ಹೊಸ ಪಡಸಾಲೆಗೆ
ಗಾರೆ ಎಳೆದು ಅಪ್ಪ ಕರಣೆ ತೊಳೆಯುತ್ತಿದ್ದ.
ಸೈಕಲ್ಲು ಒರಗಿಸಿ ಒಳಬಂದ ಲೂರ್ದಪ್ಪ ಸ್ವಾಮಿಗಳು
'ಇನ್ನಾಸಪ್ಪ, ನಿನ್ನ ಕಸುಬಿನ ಬೇರು ನೋಡು' ಅಂತ
ಜಾಲಿಮುಳ್ಳಲ್ಲಿ ಹಸಿಗೋಡೆಯ ಮೇಲೆ ಗೀಚಿದರು:

ಮಜಿಸ್ತೆರ್
ಮಜಿಸ್ತ್ರಿ
ಮಜಿಸ್ತ್ರೊ
ಮಜಿಸ್ತ್ರುಮ್

ಲತೀನು ಮಾತು, ಕನ್ನಡ ಅಕ್ಷರ.
ಅಪ್ಪ ಕೂಡಿಸಿ ಕೂಡಿಸಿ ಓದಿ
'ಎಲ್ಡ್ನೇದು ನಾನೇಯ!' ಅಂದ.

ಅದು ಷಷ್ಠಿ ಕಣಯ್ಯ. ಮೇಸ್ತ್ರಿಯ.
'ಮೇಸ್ತ್ರಿಯ ಏನು?'
ಏನೋ ಒಂದು. ಕರಣೆ. ಕೆಮ್ಮು. ಮಗಳು.

ಮೂರನೆಯದು ಮೇಸ್ತ್ರಿಗೆ,
ಶನಿವಾರ ಸಂಜೆಯ ಬಟವಾಡೆಯ ಹಾಗೆ.
ಮೇಸ್ತ್ರಿಯಿಂದ ಅನ್ನಲೂ ಅದೇ ರೂಪವಂತೆ.
'ಕೊಡಾದೂ ಕಿತ್ಕಳಾದೂ ಒಂದೇ ಮಾತಾ?
ಕಂಟ್ರಾಕ್ಟರ್ ಭಾಸೆ ಬುಡಿ ಸ್ವಾಮಿ.'

ರೋಮಿನಲ್ಲಿ ಅದು ಪಾಠ ಹೇಳುವವನು,
ಹಡಗು ನಡೆಸುವವನೂ ಅದೇ.
ಇಟಲಿಗೆ ಬಂದು ಪಿಟೀಲುಗಳ ಮುಂದೆ ಕೋಲಾಡಿಸಿತು,
ಫ್ರಾನ್ಸಿನಲ್ಲಿ ಕರಿಕೋಟು ತೊಟ್ಟು ಕೋರ್ಟಿಗೆ ಹೋಯಿತು.
ಪೋರ್ಚುಗೀಸರ ಬಾಯಲ್ಲಿ ನಡುವಿನ ಅಕ್ಷರ ಸವೆದು
ಮೆಸ್ತ್ರೆ ಅಂತ ಗೋವೆಯಲ್ಲಿ ಇಳಿದು, ಘಟ್ಟ ಹತ್ತಿ,
ತೂಗುಗುಂಡು ಹಿಡಿದು ನಮ್ಮ ಕೇರಿಗೆ ಬಂತು.
ಇಂಗ್ಲಿಷಿನ ಕಡೆಯಿಂದ ಬಂದದ್ದು
ಬೆತ್ತ ಹಿಡಿದು ಮೇಷ್ಟ್ರಾಯಿತು.
ಅದರ ಹೆಣ್ಣುರೂಪ ಅರ್ಧಕ್ಕೆ ಮುರಿದು, ಇಗೋ,
ಹಾಜರಿ ಪುಸ್ತಕ ಅವುಚಿ ಬಾಗಿಲಲ್ಲಿ ನಿಂತಿದ್ದೆನಲ್ಲ,
ನಾನು. ಮಿಸ್ಸು.

ಈ ಪದದ ಹೊಟ್ಟೆಯಲ್ಲಿ 'ಹೆಚ್ಚು' ಅಂತ ಇದೆ,
'ಕಮ್ಮಿ' ಅನ್ನುವುದರಿಂದ ಹುಟ್ಟಿದ ಜೋಡಿ ಇನ್ನೊಂದು,
ಊಟಕ್ಕೆ ಬಡಿಸುವ ಆಳಿಗೆ ಇಟ್ಟ ಹೆಸರು:
ಮಿನಿಸ್ತೆರ್.

ಅಪ್ಪ ನಕ್ಕ ನಗೆಗೆ
ಅಟ್ಟಣೆಯ ಸರ್ವೆಗಳ ಅಲುಗಿದವು.
ಸೋಮವಾರ ಉದ್ಘಾಟನೆ, ಬರುವವರಿದ್ದರು ಒಬ್ಬರು.

ಗೋಡೆ ಒಣಗುವ ಮೊದಲು
ಮರದ ಹಲಗೆಯಲ್ಲಿ ಉಜ್ಜಿ ಉಜ್ಜಿ ಸಮ ಮಾಡಿದ,
ಎರಡನೆಯ ಸಾಲಿನ ಹತ್ತಿರ ಕೈ ನಿಲ್ಲಿಸಿ
ನನ್ನ ಕಡೆ ನೋಡಿ, ಬಿಟ್ಟ.
ಮಾರನೆ ದಿನ ಅಲ್ಲೇ ಕೂರಿಸಿದ
ಹದಿನಾಲ್ಕು ಹೆಸರಿನ ಕಪ್ಪು ಕಲ್ಲು.

ಸಂಬೋಧನೆಗೆ ರೂಪ ಬದಲಾಗದು,
ಕರೆಯುವಾಗ ಪದ ಇದ್ದ ಹಾಗೇ ಇರುತ್ತದೆ
ಅಂದಿದ್ದರು ಸ್ವಾಮಿಗಳು ಸೈಕಲ್ಲು ಹತ್ತುತ್ತ.

ಅಟ್ಟಣೆಯ ಮೇಲಿಂದ ಅಪ್ಪ,
ಮಕ್ಕಳೆದುರು ನನ್ನ ಹೆಸರು ಹಿಡಿಯಲು ನಾಚಿ,
'ಮಿಸ್ಸೂ,
ಒಂದ್ ಚೆಂಬು ನೀರು.'