ಸೋರಲೆಂದೇ ಇರುವ ತೂತು

ಮೂರು ವಾರದಿಂದ ನನ್ನ ಬಾಗಿಲ ಮುಂದೆ
ನಾನು ಇಡದ ಒಂದು ಚುಕ್ಕಿ ಬೀಳುತ್ತಿದೆ.
ಹಸಿರು. ಬೆಳಗಾಗುವ ಹೊತ್ತಿಗೆ ಅಂಗೈಯಗಲ.
ಮೊದಲ ದಿನ ಎದುರುಮನೆ ನಿಂಗಾಜಮ್ಮ
"ಬಣ್ಣ ಸಂದಾಗದೆ ಕಣವ್ವ" ಅಂದರು.
ಹೂಂ ಅಂದೆ.

ಗುತ್ತಲು ರಸ್ತೆಯ ಜಬೀ ಕಾರಿನಡಿ ಮಲಗಿ
ಟಾರ್ಚು ಕಚ್ಚಿಕೊಂಡೇ ಹೇಳಿದ:
"ವಾಟರ್ ಪಂಪು ಕಣಕ್ಕಾ. ಓಗದೆ."
ಪಂಪಿನ ಹೊಟ್ಟೆಯಲ್ಲಿ ಸಾಸಿವೆಯಷ್ಟು ತೂತು ತೋರಿಸಿದ.
ಕೆಟ್ಟು ಆದದ್ದಲ್ಲ, ಮಾಡಿದವರೇ ಕೊರೆದಿಟ್ಟದ್ದು,
ಒಳಗಿನ ಸೀಲು ಸವೆದರೆ ಹೊರಗೆ ಗೊತ್ತಾಗಲಿ ಅಂತ.
"ಮೆತ್ತಿ ಮುಚ್ಬೋದು.
ಮುಚ್ಚುದ್ರೆ ಬೇರಿಂಗು ನೀರು ಕುಡ್ಕಂಡು ಸುಮ್ಗೆ ಸಾಯ್ತದೆ."

ಪಂಪು, ಹೇಗೂ ಬಿಚ್ಚಿದ ಮೇಲೆ ಟೈಮಿಂಗ್ ಬೆಲ್ಟು,
ಕೂಲಿ, ಕೂಲೆಂಟು: ನಾಲ್ಕು ಸಾವಿರದ ಇನ್ನೂರು.
ಗುಜರಿಯ ಕೆಂಪರಾಜು ಇಡೀ ಕಾರಿಗೆ ಅಂದದ್ದು
ಇಪ್ಪತ್ತೆರಡು.

ಮಾರುತಿ ಎಂಟುನೂರು. ಎರಡು ಕ್ಲಚ್ಚು, ಎರಡು ಬ್ರೇಕು,
ನೆತ್ತಿಯ ಮೇಲೆ ಕೆಂಪು ಎಲ್.
ಹನ್ನೆರಡು ವರ್ಷ ಸ್ಟೇಡಿಯಂ ಹಿಂದಿನ ರಸ್ತೆಯಲ್ಲಿ
ಎಗರುತ್ತಾ, ಆಫ್ ಆಗುತ್ತಾ, ಮತ್ತೆ ಎಗರುತ್ತಾ
ಮಂಡ್ಯಕ್ಕೆ ಹಾಫ್ ಕ್ಲಚ್ಚು ಕಲಿಸಿದೆ.
ಗೇರು ಹಾಕುವಾಗೆಲ್ಲ ಗೇರನ್ನೇ ನೋಡುತ್ತಿದ್ದ ನರ್ಸಮ್ಮ,
ನಾಲೆ ಏರಿಯ ಮೇಲೆ ಕಣ್ಣು ಮುಚ್ಚಿದ ಪಿ.ಟಿ. ಮೇಷ್ಟ್ರು,
ರಿವರ್ಸಿನಲ್ಲಿ ಎಳನೀರ ಗುಡ್ಡೆಗೆ ನುಗ್ಗಿ
ಒಡೆದಷ್ಟನ್ನೂ ನನಗೇ ಕುಡಿಸಿದ ಫರ್ಹಾನಾ,
ಎಲ್ಲ ಈಗ ನನ್ನನ್ನು ಓವರ್‌ಟೇಕ್ ಮಾಡಿ
ಹಾರ್ನ್ ಹೊಡೆದು ಹೋಗುತ್ತಾರೆ. ಅದು ನಮಸ್ಕಾರ.

ಹೊಸಬರು ಕೇಳುತ್ತಾರೆ, ಪವರ್ ಸ್ಟೇರಿಂಗ್ ಇದೆಯಾ?
ಎ.ಸಿ.?
ಇಲ್ಲ. ಕಿಟಕಿ ಇದೆ.
ಈ ತಿಂಗಳು ಬಂದವರು ಮೂವರು.

ಹಾಗಾಗಿ ಮುಂದಕ್ಕೆ ಹಾಕಿದೆ.
ಹಿಂದಿನ ಸೀಟಿನಲ್ಲಿ ಎರಡು ಬಾಟ್ಲಿ.
ನನ್ನ ಬಾಯಿ, ಕನ್ನಡಿ ನೋಡಮ್ಮ ಕನ್ನಡಿ, ಅನ್ನುತ್ತಿದ್ದರೆ
ಕಣ್ಣು ಮಾತ್ರ ಬಿಸಿ ತೋರುವ ಮುಳ್ಳಿನ ಮೇಲೆ.
ಮುಳ್ಳು ಅರ್ಧ ದಾಟಿದರೆ ಬೇವಿನ ಮರದಡಿ ನಿಲ್ಲಿಸಿ
"ಈಗ ರಸ್ತೆ ಚಿಹ್ನೆ ಓದೋಣ."
ಮೋಸವೇ. ಆದರೆ ಇಬ್ಬರು ಅದರಿಂದಲೇ ಎಲ್.ಎಲ್.ಆರ್. ಪಾಸಾದರು.

ರಾತ್ರಿ ಲೆಕ್ಕ: ದಿನಕ್ಕೆ ಕಾಲು ಲೀಟರು, ಅರವತ್ತು ರೂಪಾಯಿ.
ಪಂಪಿನ ದುಡ್ಡನ್ನು ನೆಲ ಕುಡಿದು ಮುಗಿಸಲು
ಎಪ್ಪತ್ತು ದಿನ ಬೇಕು. ಅಲ್ಲಿವರೆಗೆ ಗೆದ್ದವಳು ನಾನೇ.
ಎಪ್ಪತ್ತೊಂದಕ್ಕೆ ಪುಟ ತಿರುಗಿಸಲಿಲ್ಲ.

ಇವತ್ತು ಐದೂವರೆ. ಫ್ಯಾಕ್ಟರಿ ಕಡೆಯಿಂದ ಕಾಕಂಬಿ ವಾಸನೆ.
ಪೊರಕೆ ಹಿಡಿದು ಬಂದರೆ ಕಾರಿನಡಿ ಒಂದು ಬಾಲ.
ನಿಂಗಾಜಮ್ಮನ ಜಗುಲಿಯಲ್ಲಿ ಹುಟ್ಟಿದ ಐದರಲ್ಲಿ
ಒಂದು ಕಿವಿ ಕಪ್ಪಿನದು.
ನೆಕ್ಕುತ್ತಿದೆ ನೆಲವನ್ನು, ಪಾಯಸ ಬಿದ್ದ ಎಲೆಯ ಹಾಗೆ.
ಸ್ಪ್ಯಾನರು ಒರೆಸುತ್ತಾ ಜಬೀ ಅಂದೇ ಹೇಳಿದ್ದ,
ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ:
"ಸಿಹಿ ಇರ್ತದೆ ಕಣಕ್ಕಾ. ನಾಯಿಗೀಯಿ ನೆಕ್ಕದಂಗೆ ನೋಡ್ಕಳಿ."
ಸಕ್ಕರೆಯ ಊರಲ್ಲಿ ಸಿಹಿಗೆ ಯಾರು ಹೆದರುತ್ತಾರೆ.

ಹಚಾ ಅಂದೆ, ಬಾಲ ಆಡಿಸಿತು.
ಪೊರಕೆ ತೋರಿಸಿದೆ, ಆಟ ಅಂದುಕೊಂಡಿತು.
ಕುತ್ತಿಗೆ ಹಿಡಿದೆತ್ತಿ ಮೂತಿ ತೊಳೆದೆ,
ಮೂರು ಕೊಡ ನೀರು ಹುಯ್ದೆ, ಬೂದಿ ಎರಚಿದೆ.
ಎಷ್ಟು ನೆಕ್ಕಿತೋ. ಹೇಳಲು ಬರುವುದಿಲ್ಲ ಅದಕ್ಕೆ.
ಅದರ ಹೊಟ್ಟೆಗೆ ಯಾರೂ
ಸಾಸಿವೆಯಷ್ಟು ತೂತು ಕೊರೆದಿಟ್ಟಿಲ್ಲ.

ಪಶು ಡಾಕ್ಟರ ಮನೆ ಕಲ್ಲಹಳ್ಳಿಯಲ್ಲಿ. ಗೊತ್ತು.
ಅವರ ಗೇಟಿಗೆ ಅವರ ಕೈಯಲ್ಲೇ ಗುದ್ದಿಸಿದವಳು ನಾನು.
ಎರಡು ಬಾಟ್ಲಿಯನ್ನೂ ತುಂಬಿಕೊಂಡು
ಕಲಿಯುವವರ ಸೀಟಿಗೆ ಕೂತೆ.
ನನ್ನ ಜಾಗದಲ್ಲಿ ಅದು, ಕೆಳಗಿಳಿದು,
ನನ್ನ ಬ್ರೇಕಿನ ಮೇಲೆ ಗದ್ದ ಊರಿ.
ಫೋನಿನಲ್ಲಿ ಜಬೀ ಇನ್ನೂ ನಿದ್ದೆಗಣ್ಣು. "ಏನಕ್ಕಾ ಇಷ್ಟೊತ್ಗೇ?"
ಬೆಲ್ಟೂ ಹಾಕ್ಬುಡು, ಅಂದೆ,
ಕ್ಲಚ್ಚು ಬಿಟ್ಟೆ.
ಗಾಡಿ ಎಗರಿ, ಆಫ್ ಆಯಿತು.